ಹೇಳಬೇಕಾದ ಮಾತು ನಿಮ್ಮ ಬಾಯಿಂದಲೇ ಹೋಗಲಿ

ಪ್ರಶ್ನೆ: ನನಗೆ 33 ವರ್ಷ. ಮೈಸೂರಿನ ಸಿದ್ಧಾರ್ಥನಗರದಲ್ಲಿ ಅಮ್ಮ ಮತ್ತು ತಂಗಿಯ ಜೊತೆ ಇದ್ದೇನೆ. ಎ.ಸಿ., ಯುಪಿಎಸ್ ರಿಪೇರಿ ಕೆಲಸ. ಕೈಕೆಳಗೆ ಇಬ್ಬರು ಹುಡುಗರಿದ್ದಾರೆ. 2014ರಲ್ಲಿ ಗಣೇಶನನ್ನು ಬಿಡುವ ದಿನ ನಮ್ಮ ಗುಂಪಿಗೂ ಪಕ್ಕದ ಬೀದಿಯವರಿಗೂ ಜಗಳವಾಯಿತು. ಎಲ್ಲರೂ ಕುಡಿದಿದ್ದೆವು. ಒಬ್ಬನ ತಲೆಗೆ ಪೆಟ್ಟಾಯಿತು. ನಮ್ಮ ಮೇಲೆ ಐಪಿಸಿ 326 ಹಾಕಿದರು. ಕೆಳಗಿನ ಕೋರ್ಟಿನಲ್ಲಿ ಎರಡು ವರ್ಷ ಶಿಕ್ಷೆಯಾಯಿತು, ಅಪೀಲಿನಲ್ಲಿ ಒಂದು ವರ್ಷಕ್ಕೆ ಇಳಿಯಿತು. ಅದನ್ನು ಮುಗಿಸಿ 2018ರಲ್ಲಿ ಹೊರಗೆ ಬಂದೆ. ಅಂದಿನಿಂದ ಕುಡಿತ ಮುಟ್ಟಿಲ್ಲ, ಯಾರ ತಂಟೆಗೂ ಹೋಗಿಲ್ಲ.

2021ರಲ್ಲಿ ನಂಟರ ಕಡೆಯಿಂದ ಒಂದು ಸಂಬಂಧ ಬಂತು. ವಿಷಯ ಹೇಳುವುದು ಬೇಡ ಎಂದರು ಅಮ್ಮ. ಹೂ ಮುಡಿಸುವ ಶಾಸ್ತ್ರವೂ ಆಗಿತ್ತು. ಯಾರೋ ಹುಡುಗಿಯ ತಂದೆಗೆ ಫೋನ್ ಮಾಡಿ, ‘ನಿಮ್ಮ ಅಳಿಯ ಜೈಲಿಗೆ ಹೋಗಿ ಬಂದವನು’ ಎಂದರು. ಮರುದಿನವೇ ಎಲ್ಲ ಮುರಿದುಬಿತ್ತು. ಬೀದಿಯಲ್ಲಿ ತಲೆ ಎತ್ತಲಾಗಲಿಲ್ಲ. ಮದುವೆಯ ಸಹವಾಸವೇ ಬೇಡ ಎಂದುಕೊಂಡಿದ್ದೆ.

ಈಗ ಒಬ್ಬರ ಪರಿಚಯವಾಗಿದೆ. ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ರಿಪೇರಿಗೆಂದು ಹೋದಾಗ ಮಾತು ಶುರುವಾಗಿ ಒಂದು ವರ್ಷವಾಗುತ್ತಾ ಬಂತು. ಅವರಿಗೂ ನನ್ನ ಮೇಲೆ ಮನಸ್ಸಿದೆ. ಮನೆಯಲ್ಲಿ ಹೇಳಿದ್ದಾರೆ. ‘ಆಷಾಢ ಕಳೆಯಲಿ, ದೊಡ್ಡವರನ್ನು ಕರೆದುಕೊಂಡು ಬರಲಿ’ ಎಂದಿದ್ದಾರಂತೆ. ನನ್ನ ಹಳೆಯದು ಅವರಿಗೆ ಗೊತ್ತಿಲ್ಲ. ‘ತಾಳಿ ಕಟ್ಟುವವರೆಗೆ ಬಾಯಿ ಬಿಡಬೇಡ, ಆಮೇಲೆ ಎಲ್ಲ ಸರಿಹೋಗುತ್ತೆ’ ಎಂದು ಅಮ್ಮ ಹೇಳುತ್ತಾರೆ. ಹೇಳಿದರೆ ಇವರೂ ಹೋಗಿಬಿಡುತ್ತಾರೆ. ಹೇಳದೆ ಇದ್ದರೆ ಒಂದೊಂದು ಫೋನ್ ಬಂದಾಗಲೂ ಎದೆ ಧಸಕ್ಕೆನ್ನುತ್ತೆ. ರಾತ್ರಿ ನಿದ್ದೆ ಇಲ್ಲ. ಒಂದು ಸಲ ಜೈಲು ನೋಡಿದವನಿಗೆ ಸಂಸಾರ ಮಾಡುವ ಯೋಗ್ಯತೆಯೇ ಇಲ್ಲವೇ?
– ಹೆಸರು ಬೇಡ, ಸಿದ್ಧಾರ್ಥನಗರ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ದಣಿವು ಎದ್ದು ಕಾಣುತ್ತದೆ. ಒಂದು ಮಾತನ್ನು ವರ್ಷಗಟ್ಟಲೆ ಬಾಯೊಳಗೇ ಇಟ್ಟುಕೊಂಡು ಗಿರಾಕಿಗಳ ಮನೆಗೆ ಹೋಗುವುದು, ಹಬ್ಬಕ್ಕೆ ನಂಟರ ಸಾಲಿನಲ್ಲಿ ಊಟಕ್ಕೆ ಕೂರುವುದು, ಇಷ್ಟವಾದವರ ಜೊತೆ ನಗುನಗುತ್ತಾ ಮಾತಾಡುವುದು, ಇದೆಲ್ಲ ಸಣ್ಣ ಆಯಾಸವಲ್ಲ. ಕೋರ್ಟು ಕೊಟ್ಟ ಶಿಕ್ಷೆಗೆ ಕೊನೆಯ ದಿನ ಅಂತ ಒಂದಿತ್ತು. ಬೀದಿ ಕೊಡುವ ಶಿಕ್ಷೆಗೆ ಅಂಥ ದಿನವನ್ನು ಯಾರೂ ಬರೆದಿಡುವುದಿಲ್ಲ. ಹೂ ಮುಡಿಸಿದ ಮೇಲೆ ಸಂಬಂಧ ಮುರಿದ ನೋವು ಇನ್ನೂ ಆರದಿರುವಾಗ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕಾದರೆ ಯಾರಿಗಾದರೂ ಕಾಲು ನಡುಗುತ್ತದೆ. ನಿಮಗೆ ನಿದ್ದೆ ಬಾರದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಕೊನೆಯಲ್ಲಿ ಕೇಳಿದ್ದೀರಲ್ಲ, ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಯೋಗ್ಯತೆ ಇದೆ. ಶಿಕ್ಷೆ ಅನುಭವಿಸಿದವನು ಮದುವೆಯಾಗಬಾರದು ಎಂದು ನಮ್ಮ ಯಾವ ಮದುವೆ ಕಾನೂನಿನಲ್ಲೂ ಇಲ್ಲ. 2023ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬಂದಿದ್ದ ಸುದ್ದಿ ನಿಮಗೆ ನೆನಪಿರಬಹುದು. ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿದ್ದ ಕೋಲಾರ ಜಿಲ್ಲೆಯ ಒಬ್ಬ ಕೈದಿಗೆ, ಅವನು ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲೆಂದು ಕರ್ನಾಟಕ ಹೈಕೋರ್ಟು 15 ದಿನಗಳ ಪೆರೋಲ್ ಕೊಟ್ಟಿತು. ಆ ಆದೇಶ ಮಾಡಿದವರು ನ್ಯಾಯಮೂರ್ತಿ ಎಂ. ನಾಗಪ್ರಸನ್ನ. ಕೋರ್ಟಿನ ಬಾಗಿಲು ತಟ್ಟಿದವರು ಹುಡುಗನ ತಾಯಿ ಮತ್ತು ಆ ಹುಡುಗಿ. ಮನೆಯವರು ಬೇರೆಯವರಿಗೆ ಕೊಟ್ಟು ಮದುವೆ ಮಾಡಿಬಿಡುತ್ತಾರೆ ಎಂಬ ಭಯ ಅವಳಿಗಿತ್ತು.

ಈ ಸುದ್ದಿಯನ್ನು ಆಗ ಎಷ್ಟೋ ಜನ ಸಿನಿಮಾ ಕಥೆಯ ಹಾಗೆ ಹೇಳಿಕೊಂಡು ತಿರುಗಿದರು. ನನಗೆ ಅದರಲ್ಲಿ ದೊಡ್ಡದಾಗಿ ಕಂಡದ್ದು ಬೇರೆಯೇ. ಆ ಹುಡುಗಿಗೆ ಎಲ್ಲವೂ ಗೊತ್ತಿತ್ತು. ಅಪರಾಧ ಯಾವುದು, ಶಿಕ್ಷೆ ಎಷ್ಟು, ಇನ್ನೆಷ್ಟು ವರ್ಷ ಬಾಕಿ ಎಂದು ತಿಳಿದುಕೊಂಡೇ ಅವಳು ಹೆಜ್ಜೆ ಇಟ್ಟಿದ್ದು. ಆ ಮದುವೆ ಮುಂದೆ ಹೇಗೆ ನಡೆಯುತ್ತದೆ ಎಂದು ನಾನಾಗಲಿ ನೀವಾಗಲಿ ಹೇಳಲಾರೆವು. ಆದರೆ ಯಾರೋ ಫೋನ್ ಮಾಡಿ ಮುರಿಯುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ.

ಈಗ ಅಮ್ಮನ ಮಾತಿಗೆ ಬರೋಣ. ಅವರನ್ನು ದೂರಬೇಡಿ. ಮಗ ಒಳಗಿದ್ದಾಗ ಜೈಲಿನ ಸಂದರ್ಶನದ ಸಾಲಿನಲ್ಲಿ ನಿಂತವರು ಅವರು. ‘ಮಗ ಎಲ್ಲಿ, ಕಾಣ್ತಾನೇ ಇಲ್ಲವಲ್ಲ’ ಎಂದು ಕೇಳಿದವರಿಗೆ ಏನೋ ಒಂದು ಉತ್ತರ ಹುಡುಕಿದವರೂ ಅವರೇ. ನಿಮ್ಮ ತಂಗಿಯ ಮದುವೆಯ ಚಿಂತೆಯೂ ಅವರ ತಲೆಯಲ್ಲಿ ಇದ್ದೇ ಇರುತ್ತದೆ. ಒಬ್ಬನ ಕೇಸು ಮನೆಮಂದಿಯನ್ನೆಲ್ಲ ಸುತ್ತಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಮುಚ್ಚಿಡು ಎನ್ನುವಾಗ ಅವರು ಯೋಚಿಸುತ್ತಿರುವುದು ನಿಮ್ಮ ಒಳಿತನ್ನೇ. ಆದರೂ ಆ ದಾರಿ ತಪ್ಪು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಒಮ್ಮೆ ಆ ದಾರಿ ಹಿಡಿದು ನೋಡಿದ್ದೀರಿ. ಎಲ್ಲಿಗೆ ಹೋಗಿ ನಿಂತಿತು ಎಂಬುದೂ ನಿಮಗೆ ಗೊತ್ತು.

2021ರಲ್ಲಿ ಫೋನ್ ಮಾಡಿದವರ ಮೇಲೆ ನಿಮಗೆ ಸಿಟ್ಟಿದೆ. ಇರಲಿ, ಅವರು ಮಾಡಿದ್ದು ಒಳ್ಳೆಯ ಕೆಲಸವೇನಲ್ಲ. ಆದರೆ ಆ ಹುಡುಗಿಯ ತಂದೆಯ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಿ. ಅವರಿಗೆ ಒಟ್ಟಿಗೆ ಎರಡು ಸಂಗತಿ ತಿಳಿದವು: ಹುಡುಗ ಜೈಲಿಗೆ ಹೋಗಿದ್ದ, ಹುಡುಗನ ಮನೆಯವರು ಅದನ್ನು ಮುಚ್ಚಿಟ್ಟಿದ್ದರು. ಮೊದಲನೆಯದೊಂದೇ ಆಗಿದ್ದರೆ ಅವರು ಕೂತು ವಿಚಾರಿಸುತ್ತಿದ್ದರೋ ಏನೋ. ಎರಡನೆಯದು ಸೇರಿಕೊಂಡ ಮೇಲೆ ಕೇಳುವುದಕ್ಕೆ ಅವರಿಗೆ ಏನೂ ಉಳಿಯಲಿಲ್ಲ. ‘ಇನ್ನೇನೇನು ಮುಚ್ಚಿಟ್ಟಿದ್ದಾರೋ’ ಎನ್ನುವ ಪ್ರಶ್ನೆಗೆ ಯಾವ ತಂದೆಯೂ ಮಗಳನ್ನು ಮುಂದಿಟ್ಟುಕೊಂಡು ಉತ್ತರ ಹುಡುಕಲು ಹೋಗುವುದಿಲ್ಲ.

ತಾಳಿ ಕಟ್ಟಿದ ಮೇಲೆ ಸರಿಹೋಗುತ್ತದೆ ಎಂಬ ನಂಬಿಕೆಗೆ ಕಾನೂನಿನ ಆಸರೆಯೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಪ್ರಕಾರ, ಗಂಡನ ಅಥವಾ ಹೆಂಡತಿಯ ಬಗೆಗಿನ ಮಹತ್ವದ ಸಂಗತಿಯೊಂದನ್ನು ಮರೆಮಾಚಿ, ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದುಪಡಿಸುವಂತೆ ಕೇಳಬಹುದು. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಯಾವುದು ಮಹತ್ವದ ಸಂಗತಿ, ಯಾವುದು ಅಲ್ಲ ಎಂಬುದನ್ನು ಆಯಾ ಪ್ರಕರಣ ನೋಡಿ ನ್ಯಾಯಾಲಯ ತೀರ್ಮಾನಿಸುತ್ತದೆ. ಆ ಚರ್ಚೆಯಲ್ಲಿ ನೀವೇ ಗೆದ್ದಿರಿ ಎಂದು ಇಟ್ಟುಕೊಳ್ಳೋಣ. ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ಗೆದ್ದುಕೊಂಡ ಹೆಂಡತಿಯ ಜೊತೆ ಸಂಸಾರ ಮಾಡುವುದು ಹೇಗೆ?

ಇನ್ನೊಂದು ಮಾತು. ಮುಚ್ಚಿಡುವುದು ಇವತ್ತು ಹಿಂದಿನಷ್ಟು ಸುಲಭವೂ ಅಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಪ್ರಕರಣ ಹುಡುಕಬಹುದು. ನಾಳೆ ನಿಮ್ಮಿಬ್ಬರಿಗೂ ವಿದೇಶಕ್ಕೆ ಹೋಗುವ ಯೋಗ ಬಂತು ಎನ್ನಿ. ಅಮೆರಿಕದ ವೀಸಾ ಅರ್ಜಿಯಲ್ಲಿ ‘ಎಂದಾದರೂ ಬಂಧನ ಅಥವಾ ಶಿಕ್ಷೆಯಾಗಿತ್ತೇ’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಹೆಂಡತಿ ಪಕ್ಕದಲ್ಲಿ ಕೂತು ಆ ಅರ್ಜಿ ತುಂಬುವ ದಿನ ನೀವೇನು ಬರೆಯುತ್ತೀರಿ?

ಹೀಗೆಲ್ಲ ಹೇಳಿ ನಿಮ್ಮನ್ನು ಇನ್ನಷ್ಟು ಹೆದರಿಸುವುದು ನನ್ನ ಉದ್ದೇಶವಲ್ಲ. ‘ಹೇಳಿದರೆ ಹೋಗುತ್ತಾರೆ, ಹೇಳದಿದ್ದರೆ ಇರುತ್ತಾರೆ’ ಎಂದು ನೀವು ಲೆಕ್ಕ ಹಾಕಿಕೊಂಡಿದ್ದೀರಿ. ಹೇಳದಿದ್ದರೆ ಇರುವವರು ನಿಮ್ಮ ಜೊತೆಗಿರುವುದಿಲ್ಲ, ನೀವು ತೋರಿಸಿದ ಅರ್ಧ ಮನುಷ್ಯನ ಜೊತೆಗಿರುತ್ತಾರೆ. ಆ ಅರ್ಧವನ್ನು ದಿನವೂ ಕಾಯುತ್ತಾ ಬದುಕಬೇಕಾದವರು ನೀವು. ಫೋನ್ ಬಂದಾಗ ಎದೆ ಧಸಕ್ಕೆನ್ನುತ್ತದೆ ಎಂದಿರಿ. ಮದುವೆಯಾದ ಮೇಲೂ ಫೋನ್ ಬರುತ್ತಲೇ ಇರುತ್ತದೆ.

ನೀವು ಇಷ್ಟಪಟ್ಟವರ ಕಡೆಯಿಂದಲೂ ಸ್ವಲ್ಪ ಯೋಚಿಸೋಣ. ನಿಮ್ಮ ಭಯವೆಲ್ಲ ‘ಜೈಲು’ ಎಂಬ ಮಾತಿನ ಸುತ್ತ ಇದೆ. ಆ ಮಾತು ಕೇಳಿದಾಗ ಅವರಿಗೂ ಒಂದು ಏಟು ಬೀಳುತ್ತದೆ, ನಿಜ. ಆದರೆ ನನ್ನ ಮುಂದೆ ಕೂತು ಇಂಥ ವಿಷಯ ಮಾತಾಡಿದ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಕೊನೆಗೆ ಉಳಿಯುವ ಪ್ರಶ್ನೆ ಬೇರೆ: ‘ಅವತ್ತು ಇನ್ನೊಬ್ಬನ ಮೇಲೆ ಎದ್ದ ಕೈ ನಾಳೆ ನನ್ನ ಮೇಲೂ ಏಳುತ್ತದೆಯೇ?’ ಇದನ್ನು ಅವರು ಬಾಯಿಬಿಟ್ಟು ಕೇಳದೆ ಇರಬಹುದು. ಕೇಳದಿದ್ದರೂ ನೀವು ಉತ್ತರ ಕೊಡಬೇಕಾದ್ದು ಇದಕ್ಕೇ. ಕುಡಿತ ಬಿಟ್ಟು ಇಷ್ಟು ವರ್ಷವಾಯಿತು ಎಂಬುದು ಆ ಉತ್ತರದ ಒಂದು ದೊಡ್ಡ ಭಾಗ. ಸಿಟ್ಟು ಬಂದಾಗ ಈಗ ಏನು ಮಾಡುತ್ತೀರಿ, ಗಿರಾಕಿ ದುಡ್ಡು ಕೊಡದೆ ಸತಾಯಿಸಿದಾಗ, ಕೆಲಸದ ಹುಡುಗ ತಪ್ಪು ಮಾಡಿದಾಗ ಹೇಗಿರುತ್ತೀರಿ ಎಂಬುದು ಇನ್ನೊಂದು ಭಾಗ. ಒಂದು ವರ್ಷದಿಂದ ಅವರು ನಿಮ್ಮನ್ನು ನೋಡುತ್ತಿದ್ದಾರಲ್ಲ, ಉತ್ತರವನ್ನು ಅಷ್ಟಿಷ್ಟು ಕಂಡುಕೊಂಡೇ ಇರುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಸ್ವಲ್ಪ ಕಸಿವಿಸಿಯಾದ ಸಂಗತಿ ಒಂದಿದೆ. ಬೇಸರ ಮಾಡಿಕೊಳ್ಳದೆ ಓದಿ. ಮುರಿದ ಮದುವೆಯ ಬಗ್ಗೆ ವಿವರವಾಗಿ ಬರೆದಿದ್ದೀರಿ. ಪೆಟ್ಟು ತಿಂದವನ ಬಗ್ಗೆ ಇರುವುದು ಒಂದೇ ಒಂದು ಸಣ್ಣ ವಾಕ್ಯ. ಹೊಡೆದವರು ಯಾರು, ನಿಮ್ಮ ಕೈಯಲ್ಲಿ ಏನಿತ್ತು, ಅವನಿಗೆ ಆಮೇಲೆ ಏನಾಯಿತು, ಅವನು ಗುಣವಾದನೇ, ಇದ್ಯಾವುದೂ ಅದರಲ್ಲಿಲ್ಲ. ನೀವು ಕಲ್ಲುಮನಸ್ಸಿನವರು ಎಂದು ನಾನು ಹೇಳುತ್ತಿಲ್ಲ. ನಾಚಿಕೆ ಹೆಚ್ಚಾದಾಗ ಮನಸ್ಸು ಆ ಜಾಗಕ್ಕೆ ಹೋಗಲು ಒಪ್ಪುವುದಿಲ್ಲ. ‘ಜಗಳವಾಯಿತು, ಪೆಟ್ಟಾಯಿತು, ಕೇಸು ಹಾಕಿದರು’ ಎಂದು ಎಲ್ಲವೂ ತಾನಾಗಿ ನಡೆದುಹೋದಂತೆ ಹೇಳಿ ಮುಂದೆ ಸಾಗುತ್ತದೆ. ಆದರೆ ನೀವು ಇಷ್ಟಪಟ್ಟವರು ಕೇಳುವ ಮೊದಲ ನಾಲ್ಕು ಪ್ರಶ್ನೆಗಳಲ್ಲಿ ಇದೊಂದು ಖಂಡಿತ ಇರುತ್ತದೆ. ನೀವು ಮೊದಲು ನಿಮ್ಮಲ್ಲೇ ಉತ್ತರ ಸಿದ್ಧ ಮಾಡಿಕೊಳ್ಳಿ. ಒಂದು ಹಾಳೆಯಲ್ಲಿ ಅವತ್ತಿನದನ್ನೆಲ್ಲ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ. ‘ನಾನು ಮಾಡಿದ್ದು’ ಎಂಬಲ್ಲಿಂದ ಶುರುಮಾಡಿ. ಗೆಳೆಯರ ಪಾಲು, ಪೊಲೀಸರ ಪಾಲು, ವಕೀಲರ ಪಾಲು ಎಲ್ಲ ಆಮೇಲೆ. ಪೆಟ್ಟು ತಿಂದವನಿಗೂ ಒಂದು ಮನೆ ಇತ್ತು, ಅವನ ತಾಯಿಯೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು ಎಂಬುದು ಆ ಬರಹದಲ್ಲಿ ಬಂದರೆ, ನೀವು ಅವರ ಮುಂದೆ ಆಡುವ ಮಾತಿಗೆ ತೂಕ ತಾನಾಗಿ ಬರುತ್ತದೆ.

ಹಾಗಾದರೆ ಹೇಳುವುದು ಯಾವಾಗ? ನಿಮ್ಮ ವಿಷಯದಲ್ಲಿ ಉತ್ತರ ಸರಳ. ದೊಡ್ಡವರು ಕೂತು ಮಾತಾಡುವುದಕ್ಕೆ ಮೊದಲು, ಈ ಆಷಾಢದಲ್ಲೇ. ಪರಿಚಯವಾದ ಮೊದಲ ದಿನವೇ, ಮೊದಲ ಕಾಫಿಗೇ ಇದನ್ನೆಲ್ಲ ಹರವಬೇಕು ಎಂದು ನಾನು ಯಾರಿಗೂ ಹೇಳುವುದಿಲ್ಲ. ಬ್ರೋಕರ್ ಕೈಗೆ ಕೊಡುವ ಬಯೋಡೇಟಾದಲ್ಲಿ ಬರೆಯಬೇಕಾಗಿಯೂ ಇಲ್ಲ, ಅದು ಹತ್ತು ಮನೆ ಸುತ್ತುವ ಕಾಗದ. ಇಬ್ಬರಲ್ಲಿ ಯಾರಿಗಾದರೂ ‘ನಾಳೆ’ ಎಂಬ ಯೋಚನೆ ಬಂದ ಕೂಡಲೇ ಹೇಳಬೇಕು. ನಿಮ್ಮ ಪ್ರಕರಣದಲ್ಲಿ ಆ ಗಳಿಗೆ ಬಂದು ಸ್ವಲ್ಪ ದಿನವಾಗಿಹೋಗಿದೆ. ಅವರು ಆಗಲೇ ತಮ್ಮ ಮನೆಯಲ್ಲಿ ನಿಮ್ಮ ಪರವಾಗಿ ಮಾತಾಡಿದ್ದಾರೆ. ಇನ್ನೂ ತಡ ಮಾಡಿದರೆ ತಂದೆ-ತಾಯಿಯ ಮುಂದೆ ಅವರ ಮಾತಿಗೂ ಬೆಲೆ ಕಡಿಮೆಯಾಗುತ್ತದೆ. ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ‘ನಿಮ್ಮನ್ನು ಕಳೆದುಕೊಳ್ಳುವ ಭಯವಿತ್ತು, ಹೇಳಬೇಕಾಗಿತ್ತು’ ಎಂದಷ್ಟೇ ಹೇಳಿ. ಅದಕ್ಕೆ ಬೇರೆ ಕಾರಣ ಹುಡುಕಬೇಡಿ.

ಎಲ್ಲಿ ಹೇಳಬೇಕು ಎಂಬುದೂ ಮುಖ್ಯ. ನಿಮ್ಮ ಮನೆಯಲ್ಲಿ ಬೇಡ. ಅವರು ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗುವಂತಿರಬೇಕು. ಕಾರಂಜಿ ಕೆರೆಯ ದಂಡೆಯೋ, ಜನರಿರುವ ಒಂದು ಹೋಟೆಲೋ ಆದೀತು. ಬೈಕಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಹೇಳಬೇಡಿ. ಕೇಳಿದ ಮೇಲೂ ಅವರು ನಿಮ್ಮ ಬೈಕಿನಲ್ಲೇ ಇಳಿದು ಬರಬೇಕಾಗುತ್ತದೆ. ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಉದ್ದವಾಗಿ ಪೀಠಿಕೆ ಹಾಕದೆ, ವರ್ಷ, ಕಲಂ, ನೀವು ಮಾಡಿದ್ದು, ಶಿಕ್ಷೆ, ಬಿಡುಗಡೆ, ಈಗ ಯಾವ ಕೇಸೂ ಬಾಕಿ ಇಲ್ಲ ಎಂಬುದು, ಇಷ್ಟನ್ನೂ ನೇರವಾಗಿ ಹೇಳಿ. ಅಳು ಬಂದರೆ ಬರಲಿ. ಆದರೆ ಅವರು ನಿಮ್ಮನ್ನು ಸಮಾಧಾನ ಮಾಡಬೇಕಾದ ಪರಿಸ್ಥಿತಿ ತಂದಿಡಬೇಡಿ. ಆ ಹೊತ್ತಿನಲ್ಲಿ ಸಮಾಧಾನ ಬೇಕಾಗಿರುವುದು ಅವರಿಗೆ. ತೀರ್ಪಿನ ಪ್ರತಿ ಇದ್ದರೆ ಕೈಗೆ ಕೊಡಿ. ಜನ ಆಡಿಕೊಳ್ಳುವಾಗ ಕೇಸು ಬೆಳೆಯುತ್ತಾ ಹೋಗುತ್ತದೆ. ಹೊಡೆದಾಟ ಎಂದಿದ್ದದ್ದು ನಾಲ್ಕು ಬಾಯಿ ದಾಟುವುದರೊಳಗೆ ಕೊಲೆಯಾಗಿರುತ್ತದೆ. ತೀರ್ಪಿನಲ್ಲಿರುವುದು ಮಾತ್ರ ಬದಲಾಗುವುದಿಲ್ಲ.

ಹೇಳಿದ ಮೇಲೆ ಸುಮ್ಮನಿರಿ. ಇದು ಹೇಳುವುದಕ್ಕಿಂತಲೂ ಕಷ್ಟದ ಕೆಲಸ. ಅವತ್ತೇ ಉತ್ತರ ಕೇಳಬೇಡಿ. ರಾತ್ರಿ ಹತ್ತು ಮೆಸೇಜು ಹಾಕಬೇಡಿ. ಗೆಳೆಯರನ್ನು, ತಂಗಿಯನ್ನು ಕಳಿಸಿ ಹೇಳಿಸಬೇಡಿ. ‘ನೀವಿಲ್ಲದೆ ನಾನು ಬದುಕುವುದಿಲ್ಲ’ ಎಂಬ ಮಾತಂತೂ ಬಾಯಲ್ಲಿ ಬರಲೇಬಾರದು, ಅದು ಕೇಳುವವರಿಗೆ ಬೆದರಿಕೆಯಾಗಿಯೇ ಕಾಣುತ್ತದೆ. ಅವರು ಯೋಚಿಸಲಿ, ತಮ್ಮ ಅಕ್ಕನನ್ನೋ ಗೆಳತಿಯನ್ನೋ ಕೇಳಲಿ, ಬೇಕಾದರೆ ಒಬ್ಬ ವಕೀಲರಿಗೆ ತೀರ್ಪು ತೋರಿಸಲಿ. ಅವರ ಮನೆಯವರಿಗೆ ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನೂ ಅವರಿಗೇ ಬಿಡಿ. ನೀವೇ ಬಂದು ಹೇಳಿ ಎಂದರೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ.

ಅವರು ಬೇಡ ಎನ್ನಬಹುದು. ಅದನ್ನು ಸುಳ್ಳು ಹೇಳಿ ಮರೆಸಲಾರೆ. ಬೇಡ ಎಂದರೆ ನೋವಾಗುತ್ತದೆ, ಬಹಳವೇ ಆಗುತ್ತದೆ. ಆದರೆ ಅದನ್ನು ನಿಮ್ಮ ಮೇಲಿನ ಎರಡನೆಯ ತೀರ್ಪು ಎಂದುಕೊಳ್ಳಬೇಡಿ. ಕೆಲಸ ಇಲ್ಲ ಎಂದು, ಜಾತಕ ಕೂಡಲಿಲ್ಲ ಎಂದು, ಊರು ದೂರ ಎಂದು ಬೇಡ ಎನ್ನುವ ಹಾಗೆಯೇ ತಮ್ಮ ಬದುಕಿಗೆ ಇದು ಬೇಡ ಎನ್ನುವ ಅಧಿಕಾರ ಅವರಿಗಿದೆ. ಆ ಅಧಿಕಾರವನ್ನು ನೀವು ಮರ್ಯಾದೆಯಿಂದ ಒಪ್ಪಿಕೊಂಡರೆ, ಹಿಂದಿನ ಸಲದ ಹಾಗೆ ತಲೆ ತಗ್ಗಿಸಿ ಓಡಾಡುವ ಕಾರಣ ನಿಮಗಿರುವುದಿಲ್ಲ.

ಹೂಂ ಎಂದರೆ ಇಬ್ಬರೂ ಕೂತು ಇನ್ನೊಂದು ತೀರ್ಮಾನ ಮಾಡಿಕೊಳ್ಳಿ: ಇದು ಯಾರ್‍ಯಾರಿಗೆ ಗೊತ್ತಿರಬೇಕು? ಮದುವೆಗೆ ಬರುವ ಇನ್ನೂರು ಜನಕ್ಕೂ ಲೆಕ್ಕ ಒಪ್ಪಿಸುವ ಅಗತ್ಯವಿಲ್ಲ. ಬಾಳು ಹಂಚಿಕೊಳ್ಳುವವರ ಮುಂದೆ ಬಿಚ್ಚಿಡುವುದು ಬೇರೆ, ಬೀದಿಗೆ ಡಂಗುರ ಸಾರುವುದು ಬೇರೆ. ಹಿಂದೆ ಫೋನ್ ಮಾಡಿದವರೇ ಮತ್ತೆ ಫೋನ್ ಮಾಡಿದರೆ, ‘ಗೊತ್ತಿದೆ, ಅವರೇ ಹೇಳಿದ್ದಾರೆ’ ಎಂದು ಹುಡುಗಿಯ ಕಡೆಯವರು ಫೋನ್ ಇಡಬಲ್ಲರು.

ನಮ್ಮ ಊರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಂಗಾಯಣದ ಕಲಾವಿದರಾಗಿದ್ದ ಹುಲುಗಪ್ಪ ಕಟ್ಟೀಮನಿ ಅವರು ಜೈಲುವಾಸಿಗಳನ್ನು ಕಟ್ಟಿಕೊಂಡು ವರ್ಷಗಳ ಕಾಲ ನಾಟಕ ಮಾಡಿಸಿದ್ದಾರೆ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಅನ್ನು ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ತಂದ ‘ಮಾರನಾಯಕ’ವನ್ನು ಕೈದಿಗಳು ಆಡಿದ್ದಾರೆ. ಕೊಲೆ ಮಾಡಿ ಪಶ್ಚಾತ್ತಾಪದಲ್ಲಿ ಬೇಯುವವನ ಕಥೆಯನ್ನು, ಅದೇ ಬಗೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವರು ಆಡುವುದನ್ನು ನೋಡಿ ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅಂಥ ಒಬ್ಬ ಬಿಡುಗಡೆಯಾಗಿ ಬಂದು ಬಾಡಿಗೆಗೆ ಮನೆ ಕೇಳಿದರೆ, ಹೆಣ್ಣು ಕೇಳಿದರೆ, ನಮ್ಮಲ್ಲಿ ಎಷ್ಟು ಜನ ಬಾಗಿಲು ಪೂರ್ತಿ ತೆರೆದೇವು? ವೇದಿಕೆಯ ಮೇಲಿದ್ದಾಗ ಮನುಷ್ಯ ಬದಲಾಗುತ್ತಾನೆ ಎಂದು ಒಪ್ಪುತ್ತೇವೆ, ಜಗುಲಿಗೆ ಬಂದಾಗ ಒಪ್ಪುವುದಿಲ್ಲ. ಅದರಲ್ಲೂ ಆ ವ್ಯಕ್ತಿ ಹೆಂಗಸಾದರೆ ಮಾತೇ ಮುಗಿಯಿತು. ಗಂಡಸಿಗೆ ‘ಹುಡುಗುಬುದ್ಧಿ, ಸಹವಾಸ ದೋಷ’ ಎಂಬ ಸಮಾಧಾನವಾದರೂ ಸಿಗುತ್ತದೆ. ಜೈಲಿನಿಂದ ಬಂದ ಹೆಣ್ಣಿಗೆ ತವರಿನಲ್ಲೂ ಅದು ಸಿಗುವುದು ಅಪರೂಪ. ಈ ಅಂಕಣ ಓದುತ್ತಿರುವ ಅಂಥ ಸೋದರಿಯರಿಗೂ ಹೇಳುತ್ತೇನೆ: ಮೇಲೆ ಬರೆದದ್ದೆಲ್ಲ ನಿಮಗೂ ಅನ್ವಯ. ನಿಮ್ಮ ಮಾತು ಕೇಳಿ ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ತೋರಿಸಿಕೊಳ್ಳುವ ಗಂಡಸಿನಿಂದ ಮಾತ್ರ ದೂರವಿರಿ. ಆ ಉಪಕಾರವನ್ನು ಅವನು ಜೀವನವಿಡೀ ನೆನಪಿಸುತ್ತಿರುತ್ತಾನೆ.

ಇದೇ ಚಿಂತೆಯಲ್ಲಿರುವ ಬೇರೆ ಓದುಗರಿಗೆ ಒಂದಿಷ್ಟು ತಿಳಿವಳಿಕೆ. ಎಲ್ಲ ಕೇಸೂ ಒಂದೇ ಅಲ್ಲ. ಎಫ್‌ಐಆರ್ ಆಗಿದೆ ಎಂದರೆ ಅಪರಾಧಿ ಎಂದಲ್ಲ. ಖುಲಾಸೆಯಾಗಿದ್ದರೆ ನೀವು ಅಪರಾಧಿಯಲ್ಲ. ಆಗಲೂ ಸಂಗಾತಿಗೆ ಹೇಳುವುದು ಜಾಣತನ, ಆದರೆ ತಲೆ ತಗ್ಗಿಸಿ ಹೇಳಬೇಕಾಗಿಲ್ಲ. 18 ವರ್ಷ ತುಂಬುವ ಮೊದಲು ಕಾನೂನಿನ ಸಂಘರ್ಷಕ್ಕೆ ಸಿಕ್ಕಿದ್ದವರಿಗೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ರಕ್ಷಣೆ ಕೊಡುತ್ತದೆ. ಕೆಲವು ಘೋರ ಅಪರಾಧಗಳನ್ನು ಬಿಟ್ಟರೆ, ಆ ದಾಖಲೆ ಮುಂದಿನ ಬದುಕಿಗೆ ಅನರ್ಹತೆಯಾಗಬಾರದು, ನಿಗದಿತ ಅವಧಿಯ ನಂತರ ಅದನ್ನು ನಾಶಪಡಿಸಬೇಕು ಎನ್ನುತ್ತದೆ. ಜೈಲಿಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ ಇದೆ. ಶಿಕ್ಷೆಯ ಜೊತೆ ಬರುವ ಅನರ್ಹತೆ ಅವರಿಗೆ ಅಂಟುವುದಿಲ್ಲ. ಕೇಸು ಇನ್ನೂ ನಡೆಯುತ್ತಿದ್ದರೆ ಅದನ್ನು ಹೇಳಲೇಬೇಕು, ಏಕೆಂದರೆ ಮದುವೆಯ ಮರುವರ್ಷವೇ ತೀರ್ಪು ಬರಬಹುದು. ಹಿಂದಿನ ಹೆಂಡತಿಯ ಮೇಲೋ, ಇನ್ನೊಬ್ಬ ಹೆಣ್ಣಿನ ಮೇಲೋ ದೌರ್ಜನ್ಯ ಮಾಡಿ ಶಿಕ್ಷೆಯಾದವರಾದರೆ, ಹೇಳಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಸ ಸಂಬಂಧಕ್ಕೆ ಹೋಗುವ ಮೊದಲು ಆಪ್ತಸಮಾಲೋಚನೆಗೆ ಹೋಗಿ.

ಇನ್ನು ಆ ಕಡೆ ಕೂತು ಕೇಳಿಸಿಕೊಳ್ಳಬೇಕಾದ ಹೆಣ್ಣುಮಕ್ಕಳಿಗೆ. ಈ ವಿಷಯದಲ್ಲಿ ಬ್ರಿಟನ್ನಿನಲ್ಲಿ ಎರಡು ಏರ್ಪಾಡುಗಳಿವೆ. 1974ರ ಒಂದು ಕಾಯ್ದೆಯ ಪ್ರಕಾರ, ಬಹಳ ದೊಡ್ಡ ಶಿಕ್ಷೆಗಳನ್ನು ಬಿಟ್ಟು ಉಳಿದವು ಇಂತಿಷ್ಟು ವರ್ಷ ಕಳೆದ ಮೇಲೆ ಮುಗಿದುಹೋದವು ಎಂದು ಲೆಕ್ಕ. ಅದೇ ನಾಡಿನಲ್ಲಿ, ಕ್ಲೇರ್ ವುಡ್ ಎಂಬ ಮಹಿಳೆಯನ್ನು 2009ರಲ್ಲಿ ಹಳೆಯ ಗೆಳೆಯನೇ ಕೊಂದ ನಂತರ, ಸಂಗಾತಿಗೆ ಹಿಂಸೆಯ ಹಿನ್ನೆಲೆ ಇದೆಯೇ ಎಂದು ಪೊಲೀಸರನ್ನು ಕೇಳುವ ಅವಕಾಶವನ್ನು 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಾದ್ಯಂತ ತಂದರು. ತಪ್ಪು ಮಾಡಿದವನಿಗೆ ಹೊಸ ಬದುಕೂ ಬೇಕು, ಜೊತೆಗೆ ಬಾಳುವವಳಿಗೆ ತಿಳಿಯುವ ಹಕ್ಕೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ನಮ್ಮಲ್ಲಿ ಹಾಗೆ ಕೇಳುವ ಏರ್ಪಾಡು ಇಲ್ಲದಿರುವುದರಿಂದ ನೀವೇ ಕೇಳಬೇಕು. ತೀರ್ಪು ಓದಿ. ಜಾಲತಾಣದಲ್ಲಿ ಹೆಸರು ಹುಡುಕುವುದಾದರೆ ಎಚ್ಚರವಿರಲಿ, ಒಂದೇ ಹೆಸರಿನ ಹತ್ತು ಜನರಿರುತ್ತಾರೆ. ತಂದೆಯ ಹೆಸರು, ಊರು ತಾಳೆ ನೋಡಿ. ಅವನು ತಾನು ಮಾಡಿದ್ದನ್ನು ಒಪ್ಪಿಕೊಂಡು ಮಾತಾಡುತ್ತಾನೋ, ಎಲ್ಲವನ್ನೂ ಬೇರೆಯವರ ತಲೆಗೆ ಕಟ್ಟುತ್ತಾನೋ ಗಮನಿಸಿ. ಕರುಣೆಯೊಂದರಿಂದಲೇ ಹೂಂ ಅನ್ನಬೇಡಿ, ನೆಂಟರ ಬಾಯಿಗೆ ಹೆದರಿ ಊಹೂಂ ಅನ್ನಲೂ ಬೇಡಿ. ಒತ್ತಡವಿದ್ದರೆ, ಬೆದರಿಕೆ ಬಂದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ.

ಮತ್ತೆ ನಿಮ್ಮ ಕಡೆಗೆ. ನಿದ್ದೆ ಇಲ್ಲ ಎಂದು ಬರೆದಿದ್ದೀರಿ. ಹೀಗೇ ಮುಂದುವರಿದರೆ, ಬದುಕೇ ಬೇಡ ಎನಿಸುವಂಥ ಯೋಚನೆ ಒಂದು ಸಲ ಬಂದರೂ, ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕೆನಿಸಿದರೆ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಸಂಬಂಧ ಮುರಿದರೆ ಮತ್ತೆ ಕುಡಿತದ ಕಡೆ ಕೈ ಹೋದೀತು ಎಂಬ ಅಂಜಿಕೆ ಒಳಗೆಲ್ಲಾದರೂ ಇದ್ದರೆ ಅದನ್ನೂ ಅಲ್ಲಿ ಮೊದಲೇ ಹೇಳಿ. ಕಾನೂನಿನ ಅನುಮಾನಗಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ಕಾನೂನು ನೆರವಿನ ಸಹಾಯವಾಣಿ 15100. ತೀರ್ಪಿನ ಪ್ರತಿ ಮನೆಯಲ್ಲಿ ಸಿಗದಿದ್ದರೆ ಕೋರ್ಟಿನ ನಕಲು ವಿಭಾಗದಲ್ಲಿ ಕೇಸ್ ನಂಬರ್ ಕೊಟ್ಟು ಅರ್ಜಿ ಹಾಕಿ. ಕೆಳಗಿನ ಕೋರ್ಟಿನದು, ಅಪೀಲಿನದು ಎರಡೂ ಬೇಕು. ಅದು ಕೈಗೆ ಬರಲು ಕೆಲವು ದಿನ ಹಿಡಿಯಬಹುದು, ಆದ್ದರಿಂದ ಈ ವಾರವೇ ಹಾಕಿ.

ಅಮ್ಮನಿಗೆ ಈ ಪುಟವನ್ನು ಓದಿ ಹೇಳಿ. ಅವರು ಒಪ್ಪದಿದ್ದರೂ, ನೀವು ಹೇಳಲು ಹೊರಟಿದ್ದೀರಿ ಎಂಬುದು ಅವರಿಗೆ ಮೊದಲೇ ತಿಳಿದಿರಲಿ. ಮಾತಾಡಿ ಬಂದ ಮೇಲೆ ನನಗೊಂದು ಪತ್ರ ಬರೆಯಿರಿ. ಅವರು ಬೇಡ ಎಂದಿದ್ದರೂ ಬರೆಯಿರಿ.